ಲಿನಕ್ಸಿನ ಮೇಲೆ ಖಯಾಲ್ ಧ್ವನಿಮುದ್ರಣ: ನನ್ನ ಅನುಭವ

ಧಾರವಾಡದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ವಿಂಡೋಸಿನ ಬದಲು ಉಚಿತ ಲಿನಕ್ಸ್ ಹಾಕಿದ ಕಂಪ್ಯೂಟರಿನ ಮೇಲೆ ಖಯಾಲ್ ಗಾಯನವನ್ನು ಮುದ್ರಿಸುತ್ತೇನೆಂದಾಗ, ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ಹಿರಿಯ ಗೆಳೆಯರೊಬ್ಬರು "ರಾಗಕ್ಕಿಂತ ಚರಚರ ಸಪ್ಪಳನ ಹೆಚ್ಚು ಕೇಳ್ತದರಿ" ಎಂದು ನಕ್ಕಿದ್ದರು. ಅವರ ಮಾತಿಗೆ ಆಧಾರ 2008ರದು. ಆ ವರ್ಷ ಲಿನಕ್ಸಿನ ಒಂದು ಬಗೆಯಾದ ಉಬುಂಟು 8.04ರೊಡನೆ, ಧ್ವನಿ ನಿಭಾಯಿಸುವ ತಂತ್ರಾಂಶವಾದ ಪಲ್ಸ್‌ಆಡಿಯೋ ಬಂದಾಗ, ಸೌಂಡ್ ಕಾರ್ಡುಗಳ ಡ್ರೈವರುಗಳಲ್ಲಿ ಮೊದಲಿನಿಂದಲೂ ಅಡಗಿದ್ದ ದೋಷಗಳು ಹೊರಬಿದ್ದವು, ಬೈಗುಳವೆಲ್ಲ ಪಲ್ಸ್‌ಆಡಿಯೋದ ಪಾಲಿಗೆ ಹೋಯಿತು. ಬೈದವರಲ್ಲಿ ನಾನೂ ಒಬ್ಬ. 2021ರಲ್ಲಿ ಇನ್ನೊಂದು ಬಗೆಯ ಲಿನಕ್ಸಾದ ಫೆಡೋರಾ 34 ಅದರ ಜಾಗಕ್ಕೆ ಹೊಸ ತಂತ್ರಾಂಶ ಪೈಪ್‌ವೈರ್ ತಂದರೂ, ಅದನ್ನು ಮುಟ್ಟಿ ನೋಡಲು ನನಗೆ ಇನ್ನೂ ಎರಡು ವರ್ಷ ಹಿಡಿಯಿತು.

ಸುಮಾರು 14,000 ರೂಪಾಯಿಯ ಹಳೆಯ ಕಂಪ್ಯೂಟರು, 11,000ದ, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಚಾನಲಿನ ಇಂಟರ್‌ಫೇಸು, ಜೊತೆಗೆ ಧ್ವನಿಮುದ್ರಣಕ್ಕೆ ಆರ್ಡರ್ (Ardour) ಎಂಬ ತಂತ್ರಾಂಶ. ಮೊದಲ ಎರಡು ತಿಂಗಳು ಬರೀ ಸೋಲು. ಬಫರನ್ನು, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಹಿಡಿದಿಡುವ ಧ್ವನಿಯ ತುಣುಕುಗಳನ್ನು, 64ಕ್ಕೆ ಇಳಿಸಿ ವಿಳಂಬ ಕಡಿಮೆಯಾಯಿತೆಂದು ಜಂಭಪಟ್ಟ ದಿನವೇ, ನಲವತ್ತು ನಿಮಿಷದ ವಿಲಂಬಿತದಲ್ಲಿ ಹತ್ತು-ಹನ್ನೊಂದು ಕಡೆ ತಂಬೂರಿಯ ನಾದ ಹರಿದಿತ್ತು. ಗಾಯಕರು ದೊಡ್ಡ ಮನಸ್ಸಿನಿಂದ ಮತ್ತೊಮ್ಮೆ ಹಾಡಿದರು. ತಬಲಾದವರಿಗೆ ಮಾತ್ರ ಎರಡನೆಯ ಸಲ 1,500 ತೆತ್ತೆ. ಆ ರಾತ್ರಿ ನಾನೂ "ಲಿನಕ್ಸ್ ಅಂದರೆ ಇಷ್ಟೇ" ಎಂದುಕೊಂಡೆನೆಂಬುದನ್ನು ಒಪ್ಪಿಕೊಳ್ಳಬೇಕು. ಬಳಿಕ ಬಫರನ್ನು 256ಕ್ಕೆ ಏರಿಸಿದೆ. ಸೆಕೆಂಡಿಗೆ 48,000 ತುಣುಕುಗಳ ದರದಲ್ಲಿ ಅದು ಐದು ಮಿಲಿಸೆಕೆಂಡಿಗಿಂತ ತುಸು ಹೆಚ್ಚಿನ ವಿಳಂಬ. ಇಂಟರ್‌ಫೇಸೇ ಗಾಯಕರ ಕಿವಿಗೆ ನೇರವಾಗಿ ಧ್ವನಿ ಕೊಡುವುದರಿಂದ ತೊಂದರೆಯಿಲ್ಲ. ಆದರೂ ಗಂಟೆಗೆ ಎರಡು ಮೂರು ಕಡೆ ಕಡಿಯುತ್ತಲೇ ಇತ್ತು. ಪ್ರೊಸೆಸರಿನ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ, ವೈಫೈ ತೆಗೆದು, ಎಲ್ಲ ಕಡೆಯೂ 48,000ವನ್ನೇ ಕಟ್ಟಿಹಾಕಿದ ಮೇಲೆ ವಾರಕ್ಕೊಂದಕ್ಕೆ ಇಳಿಯಿತು. ಉಳಿದ ಒಂದು ಹೋದದ್ದು ಯುಎಸ್‌ಬಿ ಪೋರ್ಟು ಬದಲಿಸಿದಾಗ. ಯಾವ ಪೋರ್ಟು, ಅದನ್ನು ಹೇಗೆ ಹುಡುಕಿದೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಲಕ್ಕುಂಡಿಯ ಹಳೆಯ ಮೆಟ್ಟಿಲುಬಾವಿಯಾದ ಮುಸುಕಿನ ಬಾವಿಯ ಬಳಿ ಚಪ್ಪಾಳೆ ತಟ್ಟಿ ಮುದ್ರಿಸಿಕೊಂಡು, ಆ ಪ್ರತಿಧ್ವನಿಯನ್ನು ಗಾಯನಕ್ಕೆ ಹಚ್ಚಿದೆ. ಖಯಾಲ್ ಬಾವಿಯ ತಳದಿಂದಲೇ ಬಂದಂತಿತ್ತು. ಒಂದು ತತ್ತ್ವಪದದ ಆರಂಭಕ್ಕೆ ಮಾತ್ರ ಒಪ್ಪಿತು.

ಕಳೆದ ಎಂಟು ತಿಂಗಳಲ್ಲಿ ಸುಮಾರು 60 ಗಂಟೆ ಮುದ್ರಿಸಿದ್ದೇನೆ, ಒಂದು ಕಡೆಯೂ ಕಡಿದಿಲ್ಲ. ಅದೇ ಹಿರಿಯ ಗೆಳೆಯರು ಬಂದು ಕೇಳಿ, ತಲೆದೂಗಿ, ವಿಂಡೋಸಿಗೆ ಯಾವ ಹೊಸ ತಂತ್ರಾಂಶ ಹಾಕಿದಿರೆಂದು ವಿಚಾರಿಸಿದರು. ಲಿನಕ್ಸೆಂದು ತೋರಿಸಿದೆ. "ನಿಮ್ಮ ನಸೀಬ ಚಲೋ ಐತ್ರಿ" ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಪೋರ್ಟಿನ ವಿಷಯ ಕೇಳಿದರು. ನಾನು ಇನ್ನೊಂದು ಚಹಾ ಕುಡಿಯಿರಿ ಎಂದೆ.