ಹೊಳೆ ದಂಡೆಯ ಹಳೆ ಊರಿಗೆ ಮನೆ ಬದಲಿಸುವ ಮುನ್ನ

ನಿವೃತ್ತಿಯಾಗಿದೆ, ಇಲ್ಲವೇ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿದೆ. ಬಾದಾಮಿಯ ಅಗಸ್ತ್ಯತೀರ್ಥದ ಹತ್ತಿರವೋ, ಪಟ್ಟದಕಲ್ಲಿನ ಮಲಪ್ರಭೆಯ ದಂಡೆಗೋ, ಕೂಡಲಸಂಗಮದಲ್ಲೋ ಒಂದು ಮನೆ ಮಾಡಿ ನೆಮ್ಮದಿಯಾಗಿ ಇರೋಣ ಅನಿಸುತ್ತದೆ. ಆಸೆ ಒಳ್ಳೆಯದೇ. ಆದರೆ ಬಾಗಲಕೋಟೆ ಜಿಲ್ಲೆಯ ಇಂಥ ಊರುಗಳಲ್ಲಿ ನೀವು ದುಡ್ಡು ಕೊಟ್ಟು ಮನೆ ಕೊಂಡರೂ ಅದರ ಮೇಲೆ ಇನ್ನಿಬ್ಬರ ಹಕ್ಕು ಇರುತ್ತದೆ. ಒಂದು ನೀರಿನದು, ಇನ್ನೊಂದು ಸ್ಮಾರಕದ್ದು. ಬಾಗಿಲು, ಪಡಸಾಲೆ, ಅಡುಗೆಮನೆ ನೋಡುವ ಮೊದಲು ಈ ಇಬ್ಬರನ್ನು ವಿಚಾರಿಸಬೇಕು.

ಮೊದಲು: ಅದು ಎಂಥ ನೀರು?

ದೂರದಿಂದ ಎಲ್ಲ ನೀರೂ ಒಂದೇ ಥರ ಕಾಣುತ್ತದೆ. ಅಗಸ್ತ್ಯತೀರ್ಥ ಗುಡ್ಡದ ನೀರು ಬಂದು ನಿಲ್ಲುವ ಹೊಂಡ. ಪಟ್ಟದಕಲ್ಲು, ಐಹೊಳೆಯದು ಹರಿಯುವ ಹೊಳೆ. ಹಳೆ ಬಾಗಲಕೋಟೆಯ ಪಕ್ಕದ್ದು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. ಮೂರರ ಸ್ವಭಾವವೂ ಬೇರೆ.

ಹೊಳೆಯ ವಿಚಾರದಲ್ಲಿ ಹೊರಗಿನವರು ಒಂದು ಮಾತು ತಿಳಿದಿರಬೇಕು. ಪಟ್ಟದಕಲ್ಲಿನ ಆಕಾಶ ನೋಡಿ ಮಲಪ್ರಭೆಯನ್ನು ಅಳೆಯಲಾಗದು. ಅದು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದ ಮಳೆಯಲ್ಲಿ. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟೆ ಇದೆ. ಅದು ತುಂಬಿ ಗೇಟು ತೆಗೆದರೆ ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ. ಇನ್ನೊಂದು ಕಡೆಯಿಂದ ಬೆಣ್ಣೆಹಳ್ಳವೂ ಬಂದು ಸೇರುತ್ತದೆ. 2009ರಲ್ಲೂ 2019ರ ಆಗಸ್ಟಿನಲ್ಲೂ ಈ ಭಾಗದ ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣದೊಳಗೇ ನೀರು ನಿಂತಿತ್ತು.

ಹಾಗಾಗಿ ಮನೆ ಮಾರುವವರನ್ನು ಬಿಟ್ಟು, ಅದೇ ಓಣಿಯ ನಾಲ್ಕಾರು ಮನೆಯವರನ್ನು ಕೇಳಿ: “2019ರಾಗ ನೀರು ಎಲ್ಲಿಮಟ ಬಂದಿತ್ರಿ?” ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ನೀವು ನೋಡಿದ ಮನೆಯಲ್ಲಿ ಸೊಂಟದ ಎತ್ತರದವರೆಗೆ ಮಾತ್ರ ಹೊಸ ಗಿಲಾವು ಬಳಿದಿದ್ದರೆ ಯಾಕೆಂದು ವಿಚಾರಿಸಿ. ಆ ಮನೆಯವರಿಗೆ ನೆರೆ ಬಂದ ಮೇಲೆ ಬೇರೆ ಕಡೆ ಸರ್ಕಾರದ ಪುನರ್ವಸತಿಯ ಆಸರೆ ಮನೆ ಸಿಕ್ಕಿತ್ತಾ ಅಂತಲೂ ಕೇಳಿ. ಮನೆಯೊಳಗೆ ನೀರು ಬರದಿದ್ದರೂ ಊರಿನ ರಸ್ತೆ ಮುಳುಗಿದರೆ ನೀವು ದ್ವೀಪದಲ್ಲಿ ಕೂತಂತೆಯೇ. ಔಷಧಿ, ಹಾಲು, ಶಾಲೆ ಎಲ್ಲ ಆಚೆ ದಂಡೆಯಲ್ಲಿ. ಸೇತುವೆ ಯಾವುದು, ಮೊದಲು ಮುಳುಗುವುದು ಎಲ್ಲಿ ಎಂದು ಬಸ್ಸಿನ ಕಂಡಕ್ಟರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಿನ್ನೀರಿನ ಊರಲ್ಲಿ ಕಾಗದವೇ ಮುಖ್ಯ. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಈ ಎರಡು ಅಂಕಿಗಳ ನಡುವಿನ ಜಾಗ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಖುಷಿಪಡುವಂಥದ್ದೇನಿಲ್ಲ. ಮುಳುಗಡೆಯ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದು ಬಾಗಲಕೋಟೆ ನವನಗರದಲ್ಲಿರುವ ಕೃಷ್ಣಾ ಮೇಲ್ದಂಡೆ ಯೋಜನೆಯ ಭೂಸ್ವಾಧೀನ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ನವನಗರ ಎಂಬ ಊರು ಹುಟ್ಟಿದ್ದೇ ಹಳೆ ಬಾಗಲಕೋಟೆಯ ಭಾಗ ಮುಳುಗಿದ್ದರಿಂದ ಅಲ್ವಾ.

ಎರಡನೆಯದು: ಸ್ಮಾರಕದಿಂದ ಎಷ್ಟು ದೂರ?

ಬಾದಾಮಿಯ ಕೋಟೆಯನ್ನು ಒಂದನೇ ಪುಲಕೇಶಿ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಇದೆಲ್ಲ ನೆಂಟರ ಮುಂದೆ ಹೇಳಿಕೊಳ್ಳಲು ಚಂದ. ಬಚ್ಚಲು ಕಟ್ಟಿಸಲು ಹೊರಟಾಗ ಇದರ ಇನ್ನೊಂದು ಮುಖ ಕಾಣುತ್ತದೆ.

ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಮೇಲೊಂದು ಮಜಲು ಏರಿಸುವ ಆಸೆ ಬಿಟ್ಟುಬಿಡಿ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಈ ನಿಯಮ ಬಿಗಿಯಾಗಿದೆ. ಅಳತೆ ಶುರುವಾಗುವುದು ಸಂರಕ್ಷಿತ ಜಾಗದ ಗಡಿಯಿಂದ, ಗುಡಿಯ ಗೋಡೆಯಿಂದ ಅಲ್ಲ. ಬಾದಾಮಿ, ಐಹೊಳೆಯಂಥ ಕಡೆ ಓಣಿಗೊಂದು ಸ್ಮಾರಕ ಇರುವುದರಿಂದ ಈ ಗಡಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. “ಎಲ್ಲಾರೂ ಕಟ್ಯಾರ್ರಿ, ಏನೂ ಆಗಂಗಿಲ್ಲ” ಎಂಬ ಮಾತನ್ನು ನಂಬಿ ಮುಂಗಡ ಕೊಡಬೇಡಿ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಊರನ್ನೇ ಸ್ಥಳಾಂತರಿಸುವ ಮಾತು ಬಹಳ ವರ್ಷಗಳಿಂದ ನಡೆದಿದೆ, ಅದೂ ನೆನಪಿರಲಿ.

ಕಾಗದಪತ್ರ

ಇದು ಎಲ್ಲ ಊರಿನಲ್ಲೂ ಒಂದೇ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9 ಅಥವಾ 11ಬಿ, ಪುರಸಭೆಯಾದರೆ ಇ-ಖಾತೆ, ಹೊಲವಾದರೆ ಉತಾರ (ಪಹಣಿ), ಜೊತೆಗೆ ಋಣಭಾರ ಪತ್ರ. ಹಳೆ ಮನೆಗಳಲ್ಲಿ ಮಾತ್ರ ಒಂದು ತೊಡಕು ಜಾಸ್ತಿ. ಅಜ್ಜನ ಹೆಸರಿನ ವಾಡೆಗೆ ಮುಂಬೈ, ಪುಣೆಯಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ವಾಟಣಿಗೆ, ಅಂದರೆ ಪಾಲಿಗೆ, ಬರುತ್ತಾರೆ. ಎಲ್ಲರ ಸಹಿ ಆಗುವವರೆಗೆ ಖರೀದಿಯ ಮಾತು ಬೇಡ.

ಮನೆಯ ಒಳಗೆ

ಹಳೆ ಮನೆಗಳ ಗೋಡೆ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಇದರ ತಂಪಿಗೆ ಸಾಟಿ ಇಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಬೇಕು. ಹಾಕುವುದು ಬಲ್ಲ ಆಳು ಊರಲ್ಲಿದ್ದಾರಾ, ಮೊದಲೇ ಕೇಳಿ. ಕಟ್ಟಿಗೆಯ ಜಂತಿಗೆ ಗೆದ್ದಲು ಹತ್ತಿದೆಯಾ ಎಂದು ಚೂರು ಕೆದಕಿ ನೋಡಿ. ಸಿಮೆಂಟಿನ ಮನೆಯಾದರೆ ಕೆಳಗಿನ ನೆಲ ನೋಡಿ. ಎರೆ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಅಡಿಪಾಯ ಸರಿ ಇಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಬಾದಾಮಿಯಲ್ಲಿ ಮಂಗಗಳ ಕಾಟ ಬೇರೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಹಾಕುವ ಯೋಚನೆ ಇದ್ದರೆ ಕಾವಲಿಗೆ ಯಾರಾದರೂ ಕೂರಬೇಕು.

ನಳ, ಬಿಸಿಲು, ಆಸ್ಪತ್ರೆ

ಕಣ್ಣೆದುರಿಗೇ ಹೊಂಡ ತುಂಬಿದ್ದರೂ ಕುಡಿಯುವ ನೀರು ದಿನವೂ ನಳಕ್ಕೆ ಬರುತ್ತದೆ ಎಂದೇನಿಲ್ಲ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿ. ಬೋರ್‌ವೆಲ್ ಇದ್ದರೆ ಒಂದು ಲೋಟ ನೀರು ಕುಡಿದು ನೋಡಿ, ಸವಳೋ ಸಿಹಿಯೋ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಾದಾಮಿಯ ಕೆಂಪು ಬಂಡೆ ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುತ್ತದೆ. ವಯಸ್ಸಾದವರು ಜೊತೆಗಿದ್ದರೆ ಇದು ಸಣ್ಣ ಮಾತಲ್ಲ. ಹೃದಯದ ತೊಂದರೆ, ಡಯಾಲಿಸಿಸ್ ಇದ್ದವರು ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಎಷ್ಟು ಹೊತ್ತು, ಹುಬ್ಬಳ್ಳಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿಯೇ ಮುಂದುವರಿಯಿರಿ. ಬಾದಾಮಿಗೆ ಗದಗ–ಹೋಟಗಿ ಮಾರ್ಗದ ರೈಲಿದೆ, ಗೋಲಗುಂಬಜ್ ಎಕ್ಸ್‌ಪ್ರೆಸ್ ನಿಲ್ಲುತ್ತದೆ. ಆದರೆ ಸ್ಟೇಷನ್ ಊರಿಂದ ಸುಮಾರು ಐದು ಕಿಲೋಮೀಟರ್ ದೂರ. ಕೂಡಲಸಂಗಮಕ್ಕೆ ಬಸ್ಸೇ ಗತಿ.

ಬಾಡಿಗೆಗೆ ಒಂದು ವರ್ಷ

ಡಿಸೆಂಬರಿನಲ್ಲಿ ನೋಡಿ ಮನೆ ಮೆಚ್ಚಬೇಡಿ. ಆಗ ಗಾಳಿ ತಂಪು, ಜೋಳದ ಹೊಲ ಹಸಿರು, ಎಲ್ಲವೂ ಚಂದ. ಏಪ್ರಿಲ್ ಕೊನೆಗೆ ಬಾಡಿಗೆ ಹಿಡಿಯಿರಿ. ಮೊದಲು ಬಿಸಿಲು, ಆಮೇಲೆ ಹೊಳೆ, ಕೊನೆಗೆ ಚಳಿ ಮತ್ತು ಪ್ರವಾಸಿಗರು. ಶನಿವಾರ, ಭಾನುವಾರ ನಿಮ್ಮ ಬಾಗಿಲ ಮುಂದೆಯೇ ಕಾರು ನಿಲ್ಲಿಸಿ ಹೋಗುತ್ತಾರೆ. ಸಹಿಸಲಾದೀತೇ ಎಂದು ಆಗ ತಿಳಿಯುತ್ತದೆ.

ಓಣಿಯವರು ಮೊದಲ ವಾರವೇ “ಯಾವ ಊರವರ್ರೀ? ಯಾರ ಪೈಕಿ?” ಎಂದು ಕೇಳುತ್ತಾರೆ. ಸಿಟ್ಟಾಗಬೇಡಿ. ಹೊಳೆ ಬಂದಾಗ ಬಾಗಿಲು ಬಡಿದು ಎಬ್ಬಿಸುವವರೂ ಇವರೇ. ಪುಷ್ಯದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ನಾಟಕ ಕಂಪನಿಗಳ ಡೇರೆ ತಿಂಗಳ ತನಕ ಇರುತ್ತವೆ, ಆಟ ರಾತ್ರಿಯೆಲ್ಲ ನಡೆಯುತ್ತದೆ. ಕರಾರು ಪತ್ರಕ್ಕೆ ಸಹಿ ಹಾಕುವಾಗ ಜಾತ್ರೆಗೆ ಬರುವ ಮಾಲಕರ ಬೀಗರಿಗೆ ಒಂದು ಕೋಣೆ ಬಿಟ್ಟುಕೊಡಬೇಕಾ, ಅದನ್ನೂ ಕೇಳಿಕೊಳ್ಳಿ.