ಕಕ್ಕಡದ ಸಂಜೆಯಲ್ಲಿ ಜಾನ್ ಮೊರೊ ಅವರನ್ನು ಪರಿಚಯಿಸುವ ಬಗೆ

ಫ್ರೆಂಚ್ ನಟಿ ಹಾಗೂ ಗಾಯಕಿ ಜಾನ್ ಮೊರೊ ತೀರಿಕೊಂಡದ್ದು 2017ರ ಜುಲೈ 31ರಂದು. ಕೊಡಗಿನಲ್ಲಿ ಅದು ಕಕ್ಕಡ ಎಂಬ ತಿಂಗಳು, ಮಳೆಯ ಕಾಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಏಳೆಂಟು ಮಂದಿ ಒಂದು ಮನೆಯಲ್ಲಿ ಸೇರಿ ಅವರ ಕಲೆಯನ್ನು ಅರಿಯಲು ಆ ದಿನವನ್ನೇ ಆರಿಸಿಕೊಳ್ಳಬಹುದು. ಕರೆಂಟ್ ಹೋಗುತ್ತದೆಂದೇ ಎಣಿಸಿ ಲ್ಯಾಪ್‌ಟಾಪನ್ನೂ ಸ್ಪೀಕರನ್ನೂ ಬೆಳಗ್ಗೆಯೇ ಚಾರ್ಜ್ ಮಾಡಿಡಿ. ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಅವರ ತಗ್ಗಿದ ದನಿ ಮುಳುಗಿಹೋಗುವುದರಿಂದ ತಾರಸಿಯ ಮನೆಯಾದರೆ ಒಳ್ಳೆಯದು.

ಪರಿಚಯವನ್ನು ಹುಟ್ಟಿದ ಇಸವಿಯಿಂದಲ್ಲ, ಹಾಡಿನಿಂದ ಆರಂಭಿಸಿ. ಮೊರೊ ಅವರ ಗಾಯನವನ್ನು ನಟನೆಯ ಬಾಲವೆಂದು ಕೊನೆಗೆ ಸೇರಿಸುವುದು ಸರಿಯಲ್ಲವೆಂದು ನನ್ನ ದೃಢ ನಂಬಿಕೆ. ಫ್ರೆಂಚ್ ನಿರ್ದೇಶಕ ತ್ರೂಫೊ ಅವರ 1962ರ ‘ಜೂಲ್ ಎ ಜಿಮ್’ ಚಿತ್ರದಲ್ಲಿ ಅವರು ‘ಲ ತೂರ್ಬಿಯೋಂ’, ಅಂದರೆ ಸುಂಟರಗಾಳಿ, ಎಂಬ ಹಾಡನ್ನು ಹಾಡುತ್ತಾರೆ. ಪಕ್ಕದಲ್ಲಿ ಗಿಟಾರ್ ನುಡಿಸುವವರು ಅದನ್ನು ರಚಿಸಿದ ಸೆರ್ಜ್ ರೆಜ್ವಾನಿ. ಬಾಸ್ಸಿಯಾಕ್ ಎಂಬುದು ಅವರ ಕಾವ್ಯನಾಮ. ಮೊದಲ ಸಲ ಸಬ್‌ಟೈಟಲ್ ಇಲ್ಲದೆ ಕೇಳಿಸಿ. ಎರಡನೆಯ ಸಲ ಮೊರೊ ಅವರ ಕೈಯನ್ನು ಗಮನಿಸುವಂತೆ ಹೇಳಿ: ಚರಣಗಳ ಕ್ರಮ ತಪ್ಪಿದಾಗ ಅವರು ಮಾಡಿದ ಸಣ್ಣ ಸನ್ನೆಯನ್ನು ತ್ರೂಫೊ ತೆಗೆದುಹಾಕದೆ ಚಿತ್ರದಲ್ಲೇ ಉಳಿಸಿಕೊಂಡರು. ಕಂಠದ ಕಸರತ್ತಿಲ್ಲದೆ ಕತೆ ಹೇಳುವಂತೆ ಹಾಡುವ ಈ ರೀತಿ, ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರನ್ನು ಮದುವೆಮನೆಗಳಲ್ಲಿ ಕೇಳಿ ಬೆಳೆದ ಕೊಡಗಿನ ಕಿವಿಗಳಿಗೆ ಬೇಗನೆ ಹಿಡಿಸುತ್ತದೆ.

ಬಾಲ್ಯವನ್ನು ಆಮೇಲೆ ಹೇಳಿದರಾಯಿತು. ಮೊರೊ ಹುಟ್ಟಿದ್ದು 1928ರ ಜನವರಿ 23ರಂದು ಪ್ಯಾರಿಸ್‌ನಲ್ಲಿ. ಅವರ ತಂದೆ ರೆಸ್ಟೋರೆಂಟ್ ನಡೆಸುತ್ತಿದ್ದರು. ತಾಯಿ ಇಂಗ್ಲೆಂಡಿನ ನರ್ತಕಿ. ಮಗಳು ನಟಿಯಾಗುವುದಕ್ಕೆ ತಂದೆಯ ಒಪ್ಪಿಗೆ ಇರಲಿಲ್ಲ. ಆದರೂ 1947ರಲ್ಲಿ ಅವರು ಕೊಮೆದಿ ಫ್ರಾನ್ಸೇಸ್ ರಂಗತಂಡವನ್ನು ಸೇರಿದರು.

ಮುಂದಿನದನ್ನು ಮಾತಿಗಿಂತ ದೃಶ್ಯವೇ ತಿಳಿಸಲಿ. ಲೂಯಿ ಮಾಲ್ ಅವರ 1958ರ ‘ಅಸಾನ್ಸೂರ್ ಪೂರ್ ಲೆಶಾಫೊ’ ಚಿತ್ರದಲ್ಲಿ, ದಪ್ಪ ಮೇಕಪ್ ಇಲ್ಲದ ಮುಖದಿಂದ, ಅಂಗಡಿಗಳ ಗಾಜಿನಾಚೆಯಿಂದ ಬೀಳುವ ಬೆಳಕಿನಲ್ಲಿ ಅವರು ಇರುಳಿನ ಪ್ಯಾರಿಸ್‌ನಲ್ಲಿ ಪ್ರಿಯಕರನನ್ನು ಹುಡುಕುತ್ತಾ ನಡೆಯುವ ಭಾಗವನ್ನು ತೋರಿಸಿ. ಅಮೆರಿಕದ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ಟ್ರಂಪೆಟ್ ನಿಲ್ಲುವವರೆಗೆ ಯಾರೂ ವಿವರಣೆ ಕೊಡದಿರಲಿ.

1960ರ ಕಾನ್ ಚಲನಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ, 1976ರಲ್ಲಿ ಸ್ವತಃ ನಿರ್ದೇಶಿಸಿದ ‘ಲ್ಯೂಮಿಯೇರ್’ ಚಿತ್ರ, 2000ದಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೆಂಬ ಗೌರವ, ಇವಿಷ್ಟನ್ನು ಕಾಫಿ ಹಂಚುವ ಹೊತ್ತಿನಲ್ಲಿ ಹೇಳಿದರೆ ಸಾಕು. ಅಷ್ಟರಲ್ಲಿ ಕರೆಂಟ್ ಹೋದರೆ ದೀಪ ಹಚ್ಚುವ ಆತುರ ಬೇಡ. ಬಾಸ್ಸಿಯಾಕ್ ಅವರ 12 ಹಾಡುಗಳನ್ನು ಮೊರೊ ಹಾಡಿರುವ 1963ರ ಆಲ್ಬಮ್ಮನ್ನು ಕತ್ತಲಲ್ಲೇ ಕೇಳಿಸಿ.