ಹುರುಪೆಯ ದಿಕ್ಕು ಹೇಳಿದ ಹೆಸರು

ಕಾಸರಗೋಡಿನ ಕಾರಡ್ಕ ಮೀಸಲು ಅರಣ್ಯಕ್ಕೆ ತಾಗಿಕೊಂಡಿರುವ ನಮ್ಮ ಅಡಿಕೆ ತೋಟದ ಮೇಲ್ಬದಿಯಲ್ಲಿ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಬಾಯಿಯಿಂದ ಗುಡ್ಡೆಗೆ ಹತ್ತುವ ಕಾಲುದಾರಿಯ ಉದ್ದಕ್ಕೂ ಎರಡು ಮಳೆಗಾಲ ಓತಿಗಳನ್ನು ನೋಡುತ್ತ ಟಿಪ್ಪಣಿ ಬರೆದಿಟ್ಟಿದ್ದೆ. ಅದರಲ್ಲಿ ಮೂರು ಬಗೆಗಳಿದ್ದವು: ಬೇಲಿಯ ಮೇಲಿನ ಸಾಮಾನ್ಯ ಓತಿ, ಮರದ ಬುಡದಲ್ಲಿ ಕಾಣುವ ಸಣ್ಣ ಕಂದು ಓತಿ, ಮಳೆ ಹಿಡಿದ ಮೇಲೆ ಕಣ್ಣಿಗೆ ಬೀಳುವ, ಮೈ ಕಪ್ಪಾಗಿ ನೆತ್ತಿ ಮತ್ತು ಗಂಟಲ ಚೀಲ ಇಟ್ಟಿಗೆ ಕೆಂಪಾದ ಇನ್ನೊಂದು. ಕೊನೆಯ ಎರಡೂ ಒಂದೇ ಎಂದು ತಿಳಿಯಲು ಮೂರನೆಯ ಮಳೆಗಾಲ ಬರಬೇಕಾಯಿತು.

ಆ ವರ್ಷ ಮುರಕಲ್ಲಿನ ಕಟ್ಟೆಯ ಬಳಿ ದಿನವೂ ತಲೆಯಾಡಿಸುತ್ತಿದ್ದ ಕೆಂಪು ತಲೆಯ ಗಂಡಿಗೆ ಬಾಲದ ತುದಿ ಮುರಿದಿತ್ತು. ಹಲ್ಲಿಗೆ ಬೆಳೆಯುವಂತೆ ಓತಿಗೆ ಬಾಲ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಅದೇ ಅದರ ಗುರುತಾಯಿತು. ಒಂದು ರಾತ್ರಿ ಟಾರ್ಚ್ ಹಿಡಿದು ಹೋದಾಗ, ಕಟ್ಟೆಯಿಂದ ನಾಲ್ಕು ಹೆಜ್ಜೆಯಾಚೆ, ಕೇಪಳದ ಗಿಡದ ಬೆರಳು ದಪ್ಪದ ಕಡ್ಡಿಯನ್ನು ಅಪ್ಪಿಕೊಂಡು ಮಲಗಿದ್ದ ಓತಿಯೊಂದು ಸಿಕ್ಕಿತು. ಬಾಲ ಅದೇ ಮೊಂಡು ಬಾಲ. ಬಣ್ಣ ಮಾತ್ರ ಒಣಗಿದ ಎಲೆಯದ್ದು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ನನಗೆ ಆ ಮುರಿದ ಬಾಲವಲ್ಲದೆ ಬೇರೆ ಸಾಕ್ಷಿಯಿರಲಿಲ್ಲ.

ಮಲಗಿದ ಓತಿ ಕದಲುವುದಿಲ್ಲವಾದ್ದರಿಂದ ಮುಟ್ಟದೆಯೇ ಪಕ್ಕದಿಂದ ಹತ್ತಿರದ ಚಿತ್ರಗಳನ್ನು ತೆಗೆದೆ. ಹಿಡಿದು ಅಳೆಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ನನಗೆ ಅದರ ಅಗತ್ಯವೂ ಬೀಳಲಿಲ್ಲ. ಮರುದಿನ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಪಕ್ಕೆಯ ಹುರುಪೆಗಳ ಚೂಪು ತುದಿಗಳು ಹಿಂದಕ್ಕೂ ಕೆಳಕ್ಕೂ ಬಾಗಿದ್ದವು. ಬೇಲಿ ಓತಿಯಲ್ಲಾದರೆ ಅವು ಹಿಂದಕ್ಕೆ ಮತ್ತು ಮೇಲಕ್ಕೆ ಚಾಚಿರುತ್ತವೆ, ಹುರುಪೆಗಳೂ ದೊಡ್ಡವು. ಭುಜದ ಮುಂದೆ ಓರೆಯಾಗಿ ಇಳಿದ, ಒಳಗೆ ಸಣ್ಣ ಕಾಳಿನಂಥ ಹುರುಪೆಗಳಿರುವ ಚರ್ಮದ ಕಪ್ಪು ಮಡಿಕೆಯೂ ಸ್ಪಷ್ಟವಾಗಿತ್ತು. ಬೇಲಿ ಓತಿಗೆ ಈ ಮಡಿಕೆ ಇಲ್ಲ. ಸರೀಸೃಪ ತಜ್ಞ ಮಾಲ್ಕಮ್ ಸ್ಮಿತ್ 1935ರಲ್ಲಿ ಬರೆದ ಹಲ್ಲಿಗಳ ಸಂಪುಟದಲ್ಲಿಯೂ ಕಾಡು ಓತಿಗಳನ್ನು ಬೇರ್ಪಡಿಸಲು ಇವೇ ಲಕ್ಷಣಗಳನ್ನು ಬಳಸಲಾಗಿದೆ. ಬಣ್ಣಕ್ಕಿಂತ ಇವನ್ನು ಮೊದಲು ನೋಡಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಆದರೆ ಪಶ್ಚಿಮ ಘಟ್ಟದ ಇನ್ನೊಂದು ಬಗೆಯಾದ ಎಲಿಯಟ್‌ನ ಕಾಡು ಓತಿಗೂ ಇಂಥದೇ ಮಡಿಕೆ, ಇದೇ ದಿಕ್ಕಿನ ಹುರುಪೆ ಇರುವುದರಿಂದ ಅಲ್ಲಿಗೇ ಹೆಸರು ಬರೆಯುವುದು ಅವಸರವಾಗುತ್ತಿತ್ತು. ತಲೆಯ ಹಿಂಬದಿಯ ಎರಡೆರಡು ಸಣ್ಣ ಮುಳ್ಳುಗಳನ್ನೂ ಹಗಲಿನ ಚಿತ್ರಗಳಲ್ಲಿದ್ದ ಗಂಡಿನ ಕಪ್ಪು-ಕೆಂಪನ್ನೂ ಸೇರಿಸಿ ನೋಡಿದ ಮೇಲೆಯೇ ಫ್ರೆಂಚ್ ನಿಸರ್ಗತಜ್ಞ ರೂ ಹೆಸರಿನ ಕಾಡು ಓತಿ ಎಂದು ನಿರ್ಧರಿಸಿದೆ. ಬಣ್ಣಕ್ಕೂ ಬೆಲೆಯಿದೆ, ಅದು ಕೊನೆಯಲ್ಲಿ ಬರಬೇಕು, ಅಷ್ಟೆ.

ಹೆಸರಿನಲ್ಲಿ ಇನ್ನೊಂದು ತೊಡಕಿತ್ತು. ಫ್ರೆಂಚ್ ಪ್ರಾಣಿಶಾಸ್ತ್ರಜ್ಞರಾದ ಡ್ಯುಮೆರಿಲ್ ಮತ್ತು ಬಿಬ್ರೋನ್ 1837ರಲ್ಲಿ ಇದನ್ನು ಕ್ಯಾಲೊಟಿಸ್ ರೂಕ್ಸಿ ಎಂದು ಕರೆದಿದ್ದರು, ಹಳೆಯ ಪುಸ್ತಕಗಳಲ್ಲೆಲ್ಲ ಅದೇ ಇದೆ. ಪಶ್ಚಿಮ ಘಟ್ಟದ ಓತಿಗಳ ದೇಹರಚನೆಯನ್ನೂ ಡಿಎನ್‌ಎಯನ್ನೂ ಹೋಲಿಸಿದ 2018ರ ಅಧ್ಯಯನವು ಇದನ್ನೂ ಎಲಿಯಟ್‌ನ ಓತಿಯನ್ನೂ ಕ್ಯಾಲೊಟಿಸ್ ಕುಲದಿಂದ ಹೊರತೆಗೆದು ಮೊನಿಲೆಸಾರಸ್ ಎಂಬ ಹೊಸ ಕುಲಕ್ಕೆ ಸೇರಿಸಿತು. ಬೇಲಿ ಓತಿ ಕ್ಯಾಲೊಟಿಸ್‌ನಲ್ಲಿಯೇ ಉಳಿಯಿತು.

ಟಿಪ್ಪಣಿಯ ಮೂರನೆಯ ಬಗೆಯನ್ನು ಹೊಡೆದುಹಾಕಿ, ಎರಡನೆಯದರ ಎದುರು ಹೊಸ ಹೆಸರು ಬರೆದೆ. ಮೊದಲ ವರ್ಷದ ಎರಡು ಚಿತ್ರಗಳು ಮಾತ್ರ ಹಾಗೆಯೇ ಇವೆ. ನೇರ ಬೆನ್ನಿನ ಮೇಲಿಂದ ತೆಗೆದ ಅವುಗಳಲ್ಲಿ ಭುಜದ ಮಡಿಕೆಯೂ ಇಲ್ಲ, ಪಕ್ಕೆಯ ಹುರುಪೆಯೂ ಕಾಣುವುದಿಲ್ಲ.